ಒಂದು ಶೇಂಗಾ ಗಿಡ ಹಿಡಿದು ಹೊರಟರೆ

ಪ್ರಶ್ನೆ: ನಾನು ಚಳ್ಳಕೆರೆ ಸಮೀಪದ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಕಾಲೇಜು ಶುರುವಾಗಿ ಎರಡು ತಿಂಗಳಾಯಿತು. ಜೀವಶಾಸ್ತ್ರದ ತರಗತಿಯಲ್ಲಿ ‘ಇದನ್ನೆಲ್ಲ ಹೈಸ್ಕೂಲಿನಲ್ಲೇ ಓದಿದ್ದೀರಲ್ಲ’ ಎಂದು ಮುಂದಕ್ಕೆ ಹೋಗಿಬಿಡುತ್ತಾರೆ. ಓದಿದ್ದೇನೆ, ಅಂಕವೂ ಬಂದಿದೆ. ಆದರೆ ಆಹಾರ ಸರಪಳಿ, ದ್ಯುತಿಸಂಶ್ಲೇಷಣೆ, ಜೀವಕೋಶ, ಕಿಣ್ವ, ಡಿಎನ್‌ಎ ಇವಕ್ಕೆಲ್ಲ ಒಂದಕ್ಕೊಂದು ಏನು ಸಂಬಂಧ ಎಂದು ಕೇಳಿದರೆ ಬಾಯಿ ಬರುವುದಿಲ್ಲ. ಪರಿಸರದಿಂದ ಜೀವರಸಾಯನದವರೆಗೆ ಮತ್ತೊಮ್ಮೆ ಓದಬೇಕೆಂದಿದ್ದೇನೆ. ಹೇಗೆ ಓದಲಿ? ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಂಡರೆ ತಪ್ಪೇ? ನಮ್ಮದು ಶೇಂಗಾ ಬೆಳೆಯುವ ಮನೆ, ಹೊಲದ ಕೆಲಸವೂ ಇರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ.

ಉತ್ತರ: ನೀವು ಸಬೂಬು ಹೇಳುವಂತೆ ಕೊನೆಗೆ ಸೇರಿಸಿರುವ ಶೇಂಗಾದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಹೈಸ್ಕೂಲಿನ ಜೀವಶಾಸ್ತ್ರವನ್ನು ತಿರುವಿಹಾಕಲು ನಿಮ್ಮ ಹೊಲದಲ್ಲಿ ಈಗ ನಿಂತಿರುವ ಬೆಳೆಗಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ನಾನು ಆ ಮೂವತ್ತು ವರ್ಷವೂ ಕಂಡದ್ದು ನಿಮ್ಮ ಇದೇ ತೊಂದರೆ. ಪಾಠಗಳು ಬಿಡಿಬಿಡಿಯಾಗಿ ಬಂದವು, ಬಿಡಿಬಿಡಿಯಾಗಿಯೇ ಉಳಿದವು. ಹತ್ತನೇ ತರಗತಿಯಲ್ಲಿ ಪರಿಸರದ ಪಾಠ ಪುಸ್ತಕದ ತುದಿಯಲ್ಲಿರುತ್ತದೆ, ದ್ವಿತೀಯ ಪಿಯುಸಿಯಲ್ಲೂ ಅಷ್ಟೇ. ಪರೀಕ್ಷೆ ಹತ್ತಿರ ಬಂದಾಗ ‘ಸುಲಭದ ಪಾಠ, ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಗಿಸುವ ಪಾಠ ಅದು. ಸುಲಭ ಅಲ್ಲ ಅದು; ಉಳಿದ ಪಾಠಗಳೆಲ್ಲ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆ ಇರುವುದೇ ಅಲ್ಲಿ. ಆದ್ದರಿಂದ ನೀವು ಅಂದುಕೊಂಡಿರುವ ಕ್ರಮ, ಪರಿಸರದಿಂದ ಶುರು ಮಾಡಿ ಅಣುವಿನ ಕಡೆಗೆ ಇಳಿಯುವುದು, ಸರಿಯಾಗಿದೆ. ಆದರೆ ಇಳಿಯುವಾಗ ಕೈಯಲ್ಲಿ ಎರಡು ಲೆಕ್ಕದ ಪುಸ್ತಕ ಇರಲಿ. ಒಂದು ದ್ರವ್ಯದ ಲೆಕ್ಕ: ಈ ವಸ್ತು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಇನ್ನೊಂದು ಶಕ್ತಿಯ ಲೆಕ್ಕ: ಈ ಕೆಲಸಕ್ಕೆ ಖರ್ಚು ಕೊಟ್ಟವರು ಯಾರು? ಪ್ರತಿ ಪಾಠದಲ್ಲೂ ಈ ಎರಡನ್ನು ಕೇಳಿಕೊಂಡು ಹೋದರೆ ಪಾಠಗಳು ತಾವಾಗಿ ಹೆಣೆದುಕೊಳ್ಳುತ್ತವೆ.

ಹೊಲದಿಂದಲೇ ಹೊರಡೋಣ. ಶೇಂಗಾ ಎಲೆಯನ್ನು ಕಂಬಳಿ ಹುಳು ತಿನ್ನುತ್ತದೆ, ಹುಳುವನ್ನು ಗೊರವಂಕ ಹೆಕ್ಕುತ್ತದೆ, ಗೊರವಂಕವನ್ನು ಗಿಡುಗ ಹಿಡಿಯುತ್ತದೆ. ಎಲೆಯ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಸುಮಾರು ಶೇಕಡ 1ರಷ್ಟನ್ನು ಮಾತ್ರ ಗಿಡ ಆಹಾರವಾಗಿ ಕಟ್ಟಿಡುತ್ತದೆ. ಅಲ್ಲಿಂದ ಮುಂದೆ ಪ್ರತಿ ಮೆಟ್ಟಿಲಲ್ಲಿ ಸರಾಸರಿ ಹತ್ತರಲ್ಲಿ ಒಂದು ಪಾಲು ಮೇಲಕ್ಕೆ ದಾಟುತ್ತದೆ. ಎಲೆಯಲ್ಲಿ 1000 ಇದ್ದರೆ ಹುಳುವಿನ ಮೈಯಲ್ಲಿ 100, ಗೊರವಂಕದಲ್ಲಿ 10, ಗಿಡುಗಕ್ಕೆ 1. ಇದಕ್ಕೆ ಅಡಿಪಾಯ ಹಾಕಿದವನು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯಲ್ಲಿ ವರ್ಷಗಟ್ಟಲೆ ಪಾಚಿ, ಹುಳು, ಮೀನು ಲೆಕ್ಕ ಹಾಕಿದ. ಅವನ ಪ್ರಬಂಧವನ್ನು ಮೊದಲು ತಿರಸ್ಕರಿಸಿದ್ದರು. ಅದು 1942ರಲ್ಲಿ ಅಚ್ಚಾಗುವ ಹೊತ್ತಿಗೆ ಅವನು ತೀರಿಕೊಂಡಿದ್ದ, 26ನೇ ವಯಸ್ಸಿಗೆ. ನಿಮ್ಮ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ‘ಶೇಕಡ 10ರ ನಿಯಮ’ದ ಹಿಂದೆ ಅಷ್ಟು ದುಡಿಮೆ ಇದೆ. ಹತ್ತು ಎಂಬುದು ಅಂದಾಜು. ಒಂದೊಂದು ಜಾಗದಲ್ಲಿ ಐದೂ ಇರುತ್ತದೆ, ಇಪ್ಪತ್ತೂ ಇರುತ್ತದೆ.

ಇಲ್ಲಿ ನಿಲ್ಲಿ. ಉಳಿದ ಶೇಕಡ 90 ಎಲ್ಲಿಗೆ ಹೋಯಿತು? ಸ್ವಲ್ಪ ಭಾಗವನ್ನು ಹುಳು ತಿನ್ನಲೇ ಇಲ್ಲ, ಸ್ವಲ್ಪ ಹಿಕ್ಕೆಯಾಗಿ ಹೋಯಿತು, ಮಿಕ್ಕದ್ದನ್ನು ಹುಳು ತಾನು ಬದುಕಿರಲು ಉರಿಸಿಕೊಂಡು ಶಾಖವಾಗಿ ಕಳೆಯಿತು. ಆ ‘ಉರಿಸಿಕೊಂಡು’ ಎಂಬ ಮಾತೇ ನಿಮ್ಮ ಪುಸ್ತಕದ ಇನ್ನೊಂದು ಪಾಠ, ಕೋಶೀಯ ಉಸಿರಾಟ. ನೋಡಿ, ಪರಿಸರದ ಪಾಠದ ಒಂದು ಅಂಕಿಯನ್ನು ಕೆದಕಿದರೆ ಕೋಶದೊಳಗೆ ಈ ಉರಿಸುವ ಕೆಲಸ ಬಹುಪಾಲು ನಡೆಯುವ ಜಾಗ, ಮೈಟೋಕಾಂಡ್ರಿಯ, ಸಿಕ್ಕಿತು. ಶಾಖವಾಗಿ ಹೋದದ್ದನ್ನು ಯಾವ ಎಲೆಯೂ ಮತ್ತೆ ಹಿಡಿಯಲಾರದು. ಹಾಗಾಗಿ ಶಕ್ತಿ ಹೊಳೆಯಂತೆ ಒಂದೇ ದಿಕ್ಕಿಗೆ ಹರಿಯುತ್ತದೆ, ದ್ರವ್ಯ ಗಾಣದ ಎತ್ತಿನಂತೆ ಸುತ್ತುತ್ತದೆ. ‘ವಿಘಟಕಗಳು ಶಕ್ತಿಯನ್ನು ಮಣ್ಣಿಗೆ ಹಿಂದಿರುಗಿಸುತ್ತವೆ’ ಎಂದು ಬರೆದ ಉತ್ತರ ಪತ್ರಿಕೆಗಳನ್ನು ನಾನು ನೂರಾರು ತಿದ್ದಿದ್ದೇನೆ. ಹಿಂದಿರುಗಿಸುವುದು ಲವಣಗಳನ್ನು, ಶಕ್ತಿಯನ್ನಲ್ಲ.

ಇನ್ನು ದ್ರವ್ಯದ ಲೆಕ್ಕ. ಗಿಡದ ತೂಕ ಎಲ್ಲಿಂದ ಬಂತು ಎಂದರೆ ಹತ್ತರಲ್ಲಿ ಎಂಟು ಮಕ್ಕಳು ‘ಮಣ್ಣಿನಿಂದ’ ಎನ್ನುತ್ತಾರೆ. ಅವರ ತಪ್ಪಲ್ಲ, ನಮ್ಮ ಭಾಷೆಯೇ ಹಾಗಿದೆ. ಮಣ್ಣಿನಲ್ಲಿ ಸತ್ವ ಇದೆ ಎನ್ನುತ್ತೇವೆ, ಗೊಬ್ಬರ ಗಿಡದ ಆಹಾರ ಎನ್ನುತ್ತೇವೆ. ವಾನ್ ಹೆಲ್ಮಾಂಟ್ ಎಂಬ ಈಗಿನ ಬೆಲ್ಜಿಯಂ ನಾಡಿನ ವೈದ್ಯ ಇದನ್ನು ತೂಗಿಯೇ ನೋಡಿದ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ಒಂದು ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರೊಂದನ್ನೇ ಹಾಕಿದ. ಮರ 169 ಪೌಂಡ್ ಆಯಿತು. ಮಣ್ಣು ಕಡಿಮೆಯಾದದ್ದು ಬರೀ 2 ಔನ್ಸ್, ನಮ್ಮ ಲೆಕ್ಕದಲ್ಲಿ 57 ಗ್ರಾಂ. ಅವನು ಸತ್ತ ಮೇಲೆ, 1648ರಲ್ಲಿ, ಇದು ಪ್ರಕಟವಾಯಿತು. ಹಾಗಾದರೆ ಮರವಾದದ್ದು ನೀರೇ ಎಂದು ಅವನು ತೀರ್ಮಾನಿಸಿದ. ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದವನ್ನು ಹುಟ್ಟುಹಾಕಿದವನೂ ಅವನೇ. ಉತ್ತರ ಅವನ ಮೂಗಿನ ಮುಂದೆಯೇ ಇತ್ತು, ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡ 0.04ರಷ್ಟು. ನಿಮ್ಮ ಹೊಲದ ಶೇಂಗಾದ ಒಣತೂಕದಲ್ಲಿರುವ ಇಂಗಾಲವೆಲ್ಲ ಆ ಚಿಟಿಕೆಯಿಂದ ಬಂದದ್ದು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಬಾಯಿಪಾಠ ಮಾಡುವ ಮುನ್ನ ಈ ಮಾತು ನಿಮಗೆ ಒಂದು ಕ್ಷಣ ನಂಬಲು ಕಷ್ಟವಾಗಬೇಕು. ಕಷ್ಟವಾದರೆ ಸಮೀಕರಣ ಮರೆಯುವುದಿಲ್ಲ. ಜೊತೆಗೆ ಇದನ್ನೂ ನೆನಪಿಡಿ: ಹೊರಬರುವ ಆಮ್ಲಜನಕ ನೀರನ್ನು ಒಡೆದದ್ದರಿಂದ ಬರುತ್ತದೆ, ಇಂಗಾಲದ ಡೈಆಕ್ಸೈಡಿನಿಂದಲ್ಲ.

ಈಗ ನಿಮಗೊಂದು ಕೆಲಸ. ಬಿತ್ತಿ ನಲವತ್ತು ದಿನ ದಾಟಿದ ಸಾಲಿಗೆ ಹೋಗಿ ಒಂದೇ ಒಂದು ಗಿಡ ತೆಗೆಯಿರಿ, ಮನೆಯವರನ್ನು ಕೇಳಿಯೇ. ಜಗ್ಗಬೇಡಿ, ಗುದ್ದಲಿಯಿಂದ ಸುತ್ತಲ ಮಣ್ಣು ಸಡಿಲಿಸಿ, ಬೇರನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. ಕವಲುಬೇರು ಒಡೆಯುವ ಕಡೆಗಳಲ್ಲಿ ಸಾಸಿವೆ ಕಾಳಿನಷ್ಟು ಗಂಟುಗಳು ಅಂಟಿಕೊಂಡಿರುತ್ತವೆ. ಉಗುರಿನಿಂದ ಎಬ್ಬಿಸಿದರೆ ಕಳಚಿ ಬರುತ್ತವೆ. ಬರದೆ ಬೇರೇ ಊದಿಕೊಂಡಂತಿದ್ದರೆ ಅದು ಜಂತುಹುಳು ಮಾಡಿದ ಗಂಟು, ಬೇರೆಯ ಕಥೆ. ಒಂದು ಗಂಟನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ಒಳಗೆ ಗುಲಾಬಿ ಬಣ್ಣ, ಕೆಲವೊಮ್ಮೆ ಹಸಿ ಮಾಂಸದ ಕೆಂಪು. ಗಿಡದ ಬೇರಿನಲ್ಲಿ ರಕ್ತದ ಬಣ್ಣ ಏಕೆ?

ಇದೊಂದು ಪ್ರಶ್ನೆಗೆ ಉತ್ತರ ಹೇಳಲು ಹೈಸ್ಕೂಲಿನ ಅರ್ಧ ಜೀವಶಾಸ್ತ್ರ ಬೇಕು. ಗಾಳಿಯಲ್ಲಿ ಸಾರಜನಕ ಶೇಕಡ 78. ಶೇಕಡ 0.04 ಇರುವುದನ್ನು ಹಿಡಿಯುವ ಗಿಡಕ್ಕೆ ಈ 78ನ್ನು ಮುಟ್ಟಲು ಆಗದು, ಏಕೆಂದರೆ ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಅದನ್ನು ಬಿಡಿಸುವ ಕಿಣ್ವ, ನೈಟ್ರೋಜನೇಸ್, ಕೆಲವು ಬ್ಯಾಕ್ಟೀರಿಯಾಗಳ ಬಳಿ ಮಾತ್ರ ಇದೆ. ಗಂಟಿನೊಳಗೆ ಮನೆ ಮಾಡಿಕೊಂಡಿರುವವು ಅವೇ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಗಿಡಕ್ಕೆ ಅಮೋನಿಯ ಕೊಡುತ್ತವೆ; ಇದು ಸಹಜೀವನ, ಪರಿಸರದ ಪಾಠ. ಆದರೆ ಬಾಡಿಗೆ ದುಬಾರಿ: ಒಂದು ಸಾರಜನಕ ಅಣುವನ್ನು ಬಿಡಿಸಲು 16 ಎಟಿಪಿ (ಕೋಶ ತನ್ನ ಕೆಲಸಕ್ಕೆ ಶಕ್ತಿಯ ಚಿಲ್ಲರೆಯಂತೆ ಬಳಸುವ ಅಣು) ಖರ್ಚು. ಅಷ್ಟು ಎಟಿಪಿ ಹುಟ್ಟಿಸಲು ಬ್ಯಾಕ್ಟೀರಿಯಾ ಆಮ್ಲಜನಕ ಬಳಸಿ ಉಸಿರಾಡಲೇಬೇಕು. ಇತ್ತ ನೈಟ್ರೋಜನೇಸ್‌ಗೆ ಆಮ್ಲಜನಕವೇ ವಿಷ, ತಗುಲಿದರೆ ಕೆಡುತ್ತದೆ. ಬೇಕೂ ಬೇಕು, ಬೇಡವೂ ಬೇಡ! ಈ ಇಕ್ಕಟ್ಟಿಗೆ ಗಿಡ ಕಂಡುಕೊಂಡ ದಾರಿ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ದೂರದ ನೆಂಟ, ಒಳಗೆ ಕಬ್ಬಿಣವಿದೆ, ಆದ್ದರಿಂದಲೇ ಕೆಂಪು. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಕ್ಕೆ ಅಳೆದು ಅಳೆದು ಕೊಡುತ್ತದೆ. ಬಿಡಿಯಾಗಿ ತಿರುಗಾಡುವ ಆಮ್ಲಜನಕವನ್ನು ಅತಿ ಕಡಿಮೆ ಮಟ್ಟದಲ್ಲಿ ಇಡುತ್ತದೆ. ಗಂಟು ಗುಲಾಬಿಯಾಗಿದ್ದರೆ ಕೆಲಸ ನಡೆದಿದೆ ಎಂದರ್ಥ. ಮುದಿಯಾಗಿ ಕೆಲಸ ನಿಂತಾಗ ಹಸಿರು, ಕಂದು ಆಗುತ್ತದೆ. ಸಾರಜನಕ ಚಕ್ರ, ಸಹಜೀವನ, ಉಸಿರಾಟ, ಕಿಣ್ವ, ಪ್ರೋಟೀನು, ಐದು ಪಾಠ, ಒಂದು ಸಾಸಿವೆ ಗಾತ್ರದ ಗಂಟು. ಇದನ್ನು ಒಂದು ಭಾನುವಾರ ಇಟ್ಟುಕೊಂಡು ನೋಡಿ, ನೋಡಿದ್ದನ್ನು ಪುಸ್ತಕ ಮುಚ್ಚಿ ಬರೆಯಿರಿ.

ಮುಂದೆ ಕಾಳಿಗೆ ಬನ್ನಿ. ನಿಮ್ಮದು ಎಣ್ಣೆ ಗಿರಣಿಗಳ ಸೀಮೆ, ಜೈವಿಕ ಅಣುಗಳ ಪಾಠವನ್ನು ಗಿರಣಿಯವರೇ ದಿನವೂ ಮಾಡುತ್ತಿದ್ದಾರೆ. ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬು, ಕಾಲುಭಾಗ ಪ್ರೋಟೀನು, ಉಳಿದದ್ದರಲ್ಲಿ ಕಾರ್ಬೋಹೈಡ್ರೇಟು, ನಾರು, ಸ್ವಲ್ಪ ನೀರು, ಲವಣ. ಗಿರಣಿಯಲ್ಲಿ ಕೊಬ್ಬು ಎಣ್ಣೆಯಾಗಿ ಒಂದು ಕಡೆ ಇಳಿಯುತ್ತದೆ. ಪ್ರೋಟೀನು, ಕಾರ್ಬೋಹೈಡ್ರೇಟು ಹಿಂಡಿಯಾಗಿ ಇನ್ನೊಂದು ಕಡೆ ಉಳಿಯುತ್ತವೆ. ಹಿಂಡಿ ತಿಂದ ಎಮ್ಮೆ ಅದರ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಬಿಡಿಸಿ ತನ್ನ ಹಾಲಿನ ಪ್ರೋಟೀನು ಕಟ್ಟುತ್ತದೆ. ಹೀಗೆ ಬಿಡಿಸಿ ಕಟ್ಟುವುದೇ ಇಡೀ ಜೀವರಸಾಯನದ ವ್ಯಾಕರಣ. ಎರಡು ಸಣ್ಣ ಅಣು ಜೋಡಿಸಬೇಕೇ? ಒಂದು ನೀರಿನ ಅಣು ಹೊರಗೆ. ಬಿಡಿಸಬೇಕೇ? ಒಂದು ನೀರಿನ ಅಣು ಒಳಗೆ. ಗ್ಲೂಕೋಸು ಸಾಲಾಗಿ ಪಿಷ್ಟ, ಅಮೈನೋ ಆಮ್ಲ ಸಾಲಾಗಿ ಪ್ರೋಟೀನು, ನ್ಯೂಕ್ಲಿಯೋಟೈಡ್ ಸಾಲಾಗಿ ಡಿಎನ್‌ಎ. ಕೊಬ್ಬು ಮಾತ್ರ ಸರವಲ್ಲ. ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನ ಆಮ್ಲ ಕಟ್ಟಿಕೊಂಡರೆ ಮುಗಿಯಿತು, ಹೊರಗೆ ಬಂದ ನೀರು ಮೂರು ಅಣು. ‘ನಾಲ್ಕೂ ಪಾಲಿಮರುಗಳು’, ಅಂದರೆ ಸಣ್ಣ ಅಣುಗಳ ಉದ್ದ ಸರಗಳು, ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ರಾಗಿ ತನ್ನ ಬೀಜದಲ್ಲಿ ಪಿಷ್ಟ ಇಡುತ್ತದೆ, ಶೇಂಗಾ ಎಣ್ಣೆ ಇಡುತ್ತದೆ. ಗ್ರಾಂ ಒಂದಕ್ಕೆ ಕಾರ್ಬೋಹೈಡ್ರೇಟು, ಪ್ರೋಟೀನು ಸುಮಾರು 4 ಕಿಲೋಕ್ಯಾಲೊರಿ, ಕೊಬ್ಬು 9. ಅರ್ಧ ಗ್ರಾಂ ತೂಗುವ ಒಂದು ಕಾಳನ್ನು ಗುಂಡುಸೂಜಿಗೆ ಚುಚ್ಚಿ, ದೊಡ್ಡವರ ಎದುರಿಗೆ ಬೆಂಕಿ ತಗುಲಿಸಿ, ಮೇಲೆ ಸಣ್ಣ ತಗಡಿನ ಡಬ್ಬಿಯಲ್ಲಿ 50 ಮಿಲಿಲೀಟರ್ ನೀರಿಡಿ. ಕಾಳು ದೀಪದ ಬತ್ತಿಯ ಹಾಗೆ ಉರಿಯುತ್ತದೆ. ಅದರಲ್ಲಿರುವ ಸುಮಾರು 2.8 ಕಿಲೋಕ್ಯಾಲೊರಿಯೆಲ್ಲ ನೀರಿಗೆ ಸೇರಿದ್ದರೆ ನೀರು 56 ಡಿಗ್ರಿ ಏರಬೇಕು. ಅಷ್ಟು ಏರುವುದಿಲ್ಲ; ಬಹುಪಾಲು ಡಬ್ಬಿಯ ಆಚೀಚೆ ಗಾಳಿಗೆ ಹೋಗುತ್ತದೆ. ಅದೇ ಕಾಳನ್ನು ನೀವು ತಿಂದರೂ ಅದರ ಎಣ್ಣೆ ಕೊನೆಗೆ ಇಂಗಾಲದ ಡೈಆಕ್ಸೈಡು, ನೀರು ಆಗುತ್ತದೆ. ವ್ಯತ್ಯಾಸ ಒಂದೇ, ಮೈಯೊಳಗೆ ಜ್ವಾಲೆಯಿಲ್ಲ. ಹತ್ತಾರು ಸಣ್ಣ ಮೆಟ್ಟಿಲುಗಳಲ್ಲಿ ಇಳಿಯುತ್ತದೆ, ಪ್ರತಿ ಮೆಟ್ಟಿಲಿಗೆ ಒಂದು ಕಿಣ್ವ ಕಾವಲು, ಕೆಲವು ಮೆಟ್ಟಿಲಲ್ಲಿ ಸಿಕ್ಕ ಶಕ್ತಿ ಎಟಿಪಿಯ ಚಿಲ್ಲರೆಯಾಗಿ ಕೈಗೆ ಬರುತ್ತದೆ. ಈ ಎಟಿಪಿಯನ್ನು 1929ರಲ್ಲಿ ಗುರುತಿಸಿದವರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಕಂಡುಹಿಡಿದ. ಒಂದು ಗ್ಲೂಕೋಸಿಗೆ ಎಷ್ಟು ಎಟಿಪಿ ಎಂಬ ವಿಚಾರದಲ್ಲಿ ಹಳೆಯ ಪುಸ್ತಕಗಳು 36 ಅಥವಾ 38 ಎನ್ನುತ್ತವೆ, ಈಗಿನ ಅಳತೆ 30–32. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ, ಜಗಳ ಬೇಡ. ತಿಳಿದಿರಬೇಕಾದದ್ದು ಇದು: ಕೋಶದ್ರವ್ಯದಲ್ಲಿ ಆಮ್ಲಜನಕವಿಲ್ಲದೆ ಸಿಗುವುದು ಬರೀ 2, ಉಳಿದ ಸಿಂಹಪಾಲು ಮೈಟೋಕಾಂಡ್ರಿಯದ ಕೃಪೆ.

ಇಲ್ಲಿ ಒಂದು ಕನ್ನಡದ ತೊಡಕನ್ನು ಹೇಳಲೇಬೇಕು. ಎದೆ ಏರಿಳಿಯುವುದಕ್ಕೂ ‘ಉಸಿರಾಟ’, ಕೋಶದೊಳಗೆ ಗ್ಲೂಕೋಸು ಕರಗುವುದಕ್ಕೂ ‘ಉಸಿರಾಟ’. ಹಾಗಾಗಿ ‘ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ’ ಎಂಬ ತಪ್ಪು ನಮ್ಮಲ್ಲಿ ಬೇರೂರಿದೆ. ಗಿಡದ ಪ್ರತಿ ಜೀವಂತ ಕೋಶವೂ ಹಗಲು ರಾತ್ರಿ ಉಸಿರಾಡುತ್ತದೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ಜೋರಿನಲ್ಲಿ ಅದು ಹೊರಗೆ ಕಾಣುವುದಿಲ್ಲ, ಅಷ್ಟೇ. ನಿಮ್ಮ ಟಿಪ್ಪಣಿಯಲ್ಲಿ ಮೊದಲನೆಯದಕ್ಕೆ ‘ಶ್ವಾಸ’ ಎಂದೂ ಎರಡನೆಯದಕ್ಕೆ ‘ಕೋಶೀಯ ಉಸಿರಾಟ’ ಎಂದೂ ಬೇರೆ ಬೇರೆ ಹೆಸರಿಟ್ಟುಕೊಳ್ಳಿ.

ಕಿಣ್ವವನ್ನು ಅಡುಗೆಮನೆಯಲ್ಲೇ ನೋಡಬಹುದು. ಅನ್ನದ ಗಂಜಿಯನ್ನು ತಿಳಿಯಾಗಿ ಮಾಡಿ ಆರಿಸಿ, ಮೂರು ಲೋಟಗಳಲ್ಲಿ ಎರಡೆರಡು ಚಮಚ ಹಾಕಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ನಿಮ್ಮ ಎಂಜಲು ಸ್ವಲ್ಪ ಬೆರೆಸಿ. ಮೂರನೆಯದಕ್ಕೂ ಎಂಜಲೇ, ಆದರೆ ಚೆನ್ನಾಗಿ ಕುದಿಸಿ ಆರಿಸಿದ್ದು. ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಮೂರನ್ನೂ ಇಪ್ಪತ್ತು ನಿಮಿಷ ಇಟ್ಟು, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ನನ್ನು ನೀರಿನಲ್ಲಿ ತೆಳುಮಾಡಿ ಒಂದೆರಡು ಹನಿ ಬಿಡಿ. ಪಿಷ್ಟವಿದ್ದರೆ ಅಯೋಡಿನ್ ಕಡುನೀಲಿ ತೋರಿಸುತ್ತದೆ; ಒಂದನೆಯದೂ ಮೂರನೆಯದೂ ಕಡುನೀಲಿಗೆ ತಿರುಗುತ್ತವೆ. ಎರಡನೆಯದರಲ್ಲಿ ಎಂಜಲಿನ ಕಿಣ್ವ ಪಿಷ್ಟವನ್ನು ಬಿಡಿಸಿರುವುದರಿಂದ ಅದು ತಿರುಗದೆ ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಬಹುದು, ಕೆಲಸ ಅರ್ಧಕ್ಕೆ ನಿಂತಿದ್ದರೆ ಕೆಂಪು ಮಿಶ್ರಿತ ನೇರಳೆ. (ಮುಗಿದ ಮೇಲೆ ಚೆಲ್ಲಿಬಿಡಿ, ಲೋಟ ತೊಳೆಯಿರಿ, ಅಮ್ಮನಿಂದ ಬೈಸಿಕೊಳ್ಳಬೇಡಿ.) ಮೂರನೆಯ ಲೋಟವೇ ಇಲ್ಲಿ ಮುಖ್ಯ. ಕುದಿಸಿದರೆ ಕಿಣ್ವ ‘ಸಾಯುತ್ತದೆ’ ಎಂದು ಬರೆಯಬೇಡಿ. ಅದು ಜೀವಿಯಲ್ಲ, ಮಡಚಿಟ್ಟ ಪ್ರೋಟೀನು. ಶಾಖಕ್ಕೆ ಮಡಿಕೆ ಬಿಚ್ಚಿಹೋಗುತ್ತದೆ, ಪಿಷ್ಟ ಕೂರುವ ಜಾಗ ಆಕಾರ ಕಳೆದುಕೊಳ್ಳುತ್ತದೆ. ಬೇಯಿಸಿದ ಮೊಟ್ಟೆಯನ್ನು ಮತ್ತೆ ಹಸಿ ಮಾಡಲಾಗದಿರುವುದೂ ಇದೇ ಕಾರಣಕ್ಕೆ. ತಣ್ಣಗೆ ಮಾಡಿದರೆ ಬಿಚ್ಚುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಪ್ರೋಟೀನಿನ ಸರ ಎಷ್ಟು ಬಗೆಯಲ್ಲಿ ಮಡಚಿಕೊಳ್ಳಬಲ್ಲದು, ಎಷ್ಟು ಬಗೆಯಲ್ಲಿ ಆಗದು ಎಂದು 1963ರಲ್ಲಿ ನಕ್ಷೆಯೊಂದರಲ್ಲಿ ತೋರಿಸಿದ ಜಿ. ಎನ್. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಕಟ್ಟಿದರು. ಪ್ರಪಂಚದ ಯಾವ ಪ್ರಯೋಗಾಲಯದಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಸರಿಯಿದೆಯೇ ಎಂದು ತಾಳೆ ನೋಡುವುದು ಈಗಲೂ ಆ ನಕ್ಷೆಯ ಜೊತೆ.

ಜೀವಕೋಶದ ಪಾಠದಲ್ಲಿ ಭಾಗಗಳ ಪಟ್ಟಿಗೆ ಹೆಚ್ಚು ಹೊತ್ತು ಕೊಡಬೇಡಿ, ಅದು ನಿಮಗೆ ಬರುತ್ತದೆ. ಅಭಿಸರಣೆಯನ್ನು, ಅಂದರೆ ತೆಳುಪೊರೆ ದಾಟಿ ನೀರು ಉಪ್ಪು ಸಕ್ಕರೆ ಹೆಚ್ಚಿರುವ ಕಡೆಗೆ ಹೋಗುವುದನ್ನು, ಮಾತ್ರ ಗಟ್ಟಿ ಮಾಡಿಕೊಳ್ಳಿ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ನಿಲ್ಲುತ್ತದಲ್ಲ, ಅದು ಕೋಶಗಳಿಂದ ಹೊರಬಂದ ನೀರು. ಆದರೆ ಒಣ ಶೇಂಗಾ ನೆನೆಸಿದಾಗ ಉಬ್ಬುವುದು ಮೊದಮೊದಲು ಅಭಿಸರಣೆಯಲ್ಲ. ಹತ್ತಿಯ ಬಟ್ಟೆ ನೀರು ಕುಡಿದಂತೆ ಕಾಳಿನ ಪ್ರೋಟೀನು, ಕೋಶಭಿತ್ತಿಗಳು ನೀರು ಹೀರುತ್ತವೆ. ಇದಕ್ಕೆ ಇಂಬೈಬಿಷನ್ ಎನ್ನುತ್ತಾರೆ. ಸತ್ತ ಕಾಳೂ ಹೀಗೆ ಉಬ್ಬುತ್ತದೆ.

ಕೊನೆಗೆ ಡಿಎನ್‌ಎ. ಕಿಣ್ವ ಪ್ರೋಟೀನು ಎಂದಾದರೆ, ಯಾವ ಅಮೈನೋ ಆಮ್ಲದ ಪಕ್ಕ ಯಾವುದು ಎಂದು ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಅದನ್ನು ಓದಿ. ನಾಲ್ಕು ಬಗೆಯ ನ್ಯೂಕ್ಲಿಯೋಟೈಡುಗಳೇ ಇದರ ನಾಲ್ಕು ಅಕ್ಷರ, ಮೂರು ಮೂರರ ಪದ, ಒಟ್ಟು 64 ಪದ. ಅದರಲ್ಲಿ 61 ಪದಗಳು 20 ಅಮೈನೋ ಆಮ್ಲಗಳಿಗೆ, 3 ಪೂರ್ಣವಿರಾಮಕ್ಕೆ. ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕುಡುಗೋಲು ಕಣ ರೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಹಿಮೋಗ್ಲೋಬಿನ್ನಿನ ಬೀಟಾ ಸರದ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಕೂರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಂಬಿಯಾಗುತ್ತದೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಇಂಥ ಜೀನ್ ಹೇಗೆ ಉಳಿದುಕೊಂಡಿತು? ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಸೊಳ್ಳೆ, ಮಲೇರಿಯಾ ಹೆಚ್ಚಿದ್ದ ಕಾಡುಸೀಮೆಗಳಲ್ಲಿ ಅದು ಉಳಿಯಿತು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಅಣುವಿನ ತನಕ ಇಳಿದವರು ಮತ್ತೆ ಸೊಳ್ಳೆ, ನೀರು, ಕಾಡಿನ ಲೆಕ್ಕಕ್ಕೇ ಬಂದು ನಿಂತೆವು ನೋಡಿ.

ಓದುವ ಬಗೆ ಹೀಗಿರಲಿ. ಒಂದು ಗಂಟೆಯಲ್ಲಿ ಅರ್ಧ ಗಂಟೆ ಹಳೆಯ ಪಠ್ಯ ಓದಿ. ನಂತರ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ, ಚಿತ್ರ ಸಹಿತ. ಮತ್ತೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ. ಎರಡು ದಿನ ಬಿಟ್ಟು ಕೆಂಪು ಶಾಯಿಯ ಭಾಗಗಳನ್ನಷ್ಟೇ ಮತ್ತೊಮ್ಮೆ. ಸಾಲುಗಳ ಮೇಲೆ ಹಳದಿ ಬಣ್ಣ ಬಳಿಯುತ್ತ ಹತ್ತು ಸಲ ಓದುವುದು ಓದಿದ ಭ್ರಮೆ ಕೊಡುತ್ತದೆ, ಅಷ್ಟೇ. ಕಲಿತಿದ್ದೀರೋ ಇಲ್ಲವೋ ಎಂದು ನೋಡಲು ನಾನು ಕೇಳುತ್ತಿದ್ದ ಪ್ರಶ್ನೆಯೊಂದಿದೆ: ತೂಕ ಇಳಿಸಿದವರ ಕೊಬ್ಬು ಎಲ್ಲಿಗೆ ಹೋಯಿತು? ‘ಶಾಖವಾಯಿತು’, ‘ಬೆವರಾಯಿತು’ ಎನ್ನುತ್ತಿದ್ದರು, ಪ್ರಥಮ ದರ್ಜೆಯವರೂ. ಮೈಯಲ್ಲಿ 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಮೂಗಿನಿಂದ ಹೊರಹೋಗುತ್ತದೆ, 1.6 ಕಿಲೋ ನೀರಾಗುತ್ತದೆ. ಇದು ಏಕೆ ಹೀಗೆ ಎಂದು ನಿಮ್ಮ ತಮ್ಮನಿಗೋ ಗೆಳತಿಗೋ ಹೇಳಲು ಬಂದರೆ ಎರಡು ಲೆಕ್ಕದ ಪುಸ್ತಕಗಳೂ ನಿಮ್ಮ ಕೈಗೆ ಸಿಕ್ಕಿವೆ.

ಟಿಪ್ಪಣಿಯನ್ನು ಖಂಡಿತ ಕನ್ನಡದಲ್ಲೇ ಬರೆದುಕೊಳ್ಳಿ. ಕನ್ನಡದ ಪಾರಿಭಾಷಿಕ ಪದ ಎಷ್ಟೋ ಕಡೆ ಅರ್ಥವನ್ನು ಮೈಮೇಲೇ ಹೊತ್ತಿರುತ್ತದೆ. ದ್ಯುತಿ ಎಂದರೆ ಬೆಳಕು ಎಂದು ಗೊತ್ತಿದ್ದವರಿಗೆ ಫೋಟೋಸಿಂಥೆಸಿಸ್ ಹೊಸ ಪದವಲ್ಲ. ಆದರೆ ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ, ಆದ್ದರಿಂದ ಹಾಳೆಯ ಎಡ ಅಂಚಿನಲ್ಲಿ ಜೋಡಿ ಪದ ಬರೆಯುತ್ತ ಹೋಗಿ: ಪಿಷ್ಟ–ಸ್ಟಾರ್ಚ್, ಕಿಣ್ವ–ಎನ್‌ಜೈಮ್, ಅಭಿಸರಣೆ–ಆಸ್ಮಾಸಿಸ್, ಕೋಶಕೇಂದ್ರ–ನ್ಯೂಕ್ಲಿಯಸ್. ಇಂಗ್ಲಿಷ್ ಪದಗಳನ್ನೂ ಬಿಡಿಸಿ ನೋಡಿ. ‘ಲೈಸಿಸ್’ ಎಂದು ಮುಗಿದರೆ ಒಡೆಯುವುದು, ‘ಗ್ಲೈಕೋ’ ಎಂದು ಶುರುವಾದರೆ ಸಿಹಿ, ‘ಏಸ್’ ಎಂದು ಮುಗಿದರೆ ಬಹುತೇಕ ಕಿಣ್ವ. ದಿನಕ್ಕೆ ಐದು ಜೋಡಿ ಸಾಕು, ದಸರಾ ರಜೆಯ ಹೊತ್ತಿಗೆ ಇನ್ನೂರು ದಾಟಿರುತ್ತವೆ. ಗಂಟು ಕೊಯ್ದ ದಿನ ಒಳಗಿನ ಬಣ್ಣ ಯಾವುದಿತ್ತು ಎಂದು ನನಗೂ ಒಂದು ಸಾಲು ಬರೆದು ತಿಳಿಸಿ.